‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’ ಅಂದ್ರೆ ಮಾತು ಮುಗೀತಾ?

ರಾಯಚೂರು ಪಕ್ಕದ ಗುಂಜಹಳ್ಳಿಯಿಂದ ಮಾತಾಡ್ತಿದ್ದೀನಿ. ಶುರು ಮಾಡೋಕೆ ಮುಂಚೆ ನಿಮಗೊಂದು ಸಣ್ಣ ಕೆಲಸ. ಮನೆಯಲ್ಲಿ ಇತ್ತೀಚೆಗೆ ತಗೊಂಡ ಯಾವುದಾದ್ರೂ ಸಾಮಾನಿನ ಬಿಲ್ ಇದ್ರೆ ತೆಗೀರಿ. ಮಿಕ್ಸಿ, ಫ್ಯಾನ್, ಚಪ್ಪಲಿ, ಇಯರ್‌ಫೋನ್, ಏನಾದ್ರೂ ಆಗ್ಲಿ. ಬಿಲ್‌ನ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ ಇರ್ತಾವಲ್ಲ, ಅದನ್ನ ಓದ್ರಿ. ಹತ್ತರಲ್ಲಿ ಏಳೆಂಟು ಬಿಲ್‌ನಲ್ಲಿ ಈ ಸಾಲು ಸಿಗುತ್ತೆ: ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ, ಬದಲಾಯಿಸಿ ಕೊಡುವುದಿಲ್ಲ.

ಕೆಲವು ಅಂಗಡಿಯಲ್ಲಿ ಇದು ಗಲ್ಲಾ ಪೆಟ್ಟಿಗೆ ಹಿಂದೆ ಬೋರ್ಡ್ ಆಗಿ ನೇತಾಡ್ತಿರುತ್ತೆ. ನಾವೂ ಅದನ್ನ ಕಾನೂನು ಅಂತ ನಂಬಿಬಿಟ್ಟಿದ್ದೀವಿ. ಸಾಮಾನು ಕೆಟ್ಟು ಬಂದ್ರೆ "ನಮ್ ನಸೀಬು" ಅಂತ ಸುಮ್ಮನಾಗ್ತೀವಿ. ಇವತ್ತಿನ ಮಾತು ಆ ಒಂದು ಸಾಲಿನ ಬಗ್ಗೆ. ಆ ಸಾಲಿಗೆ ಎಷ್ಟು ಬಲ ಇದೆ, ಎಲ್ಲಿಗೆ ಅದರ ಬಲ ಮುಗಿಯುತ್ತೆ ಅಂತ ನೋಡೋಣ.

ಈ ವಿಷಯ ತಗೊಳ್ಳೋಕೆ ಕಾರಣ ನಮ್ಮ ಮನೆಯ ಒಂದು ವಾಚ್. ನನ್ನ ತಂಗಿ ರಾಯಚೂರಿನಲ್ಲಿ ನರ್ಸಿಂಗ್ ಓದ್ತಾಳೆ. ವಾರ್ಡಿನಲ್ಲಿ ಡ್ಯೂಟಿ ಹಾಕಿದಾಗ ಮೊಬೈಲ್ ತೆಗೆಯೋ ಹಂಗಿಲ್ಲ. ರೋಗಿಯ ನಾಡಿ ಎಣಿಸಬೇಕು, ಅದಕ್ಕೆ ಸೆಕೆಂಡ್ ಮುಳ್ಳು ಇರೋ ವಾಚ್ ಕೈಯಲ್ಲಿ ಇರಲೇಬೇಕು. ಅಪ್ಪ ಹತ್ತಿ ಮಾರಿದ ದುಡ್ಡಿನಲ್ಲಿ 1,895 ರೂಪಾಯಿ ಕೊಟ್ಟು ಸಿಟಿಯ ಒಂದು ಅಂಗಡಿಯಲ್ಲಿ ಕೊಡಿಸಿದ್ರು. ಅಂಗಡಿ ಹೆಸರು, ಕಂಪನಿ ಹೆಸರು ಹೇಳಲ್ಲ. ಇಂಥದ್ದು ಯಾವ ಅಂಗಡಿಯಲ್ಲಾದ್ರೂ ಆಗುತ್ತೆ.

ಮೂರನೇ ದಿನಕ್ಕೆ ಅವಳು ಗಮನಿಸಿದ್ಲು: ಸೆಕೆಂಡ್ ಮುಳ್ಳು ನಡುನಡುವೆ ನಿಲ್ಲುತ್ತೆ. ಎರಡು ಸೆಕೆಂಡ್, ಮೂರು ಸೆಕೆಂಡ್ ನಿಂತು, ಆಮೇಲೆ ಮತ್ತೆ ಓಡುತ್ತೆ. ದಿನಕ್ಕೆ ಆರೇಳು ನಿಮಿಷ ಹಿಂದೆ ಬೀಳ್ತಿತ್ತು. "ಆರು ನಿಮಿಷಕ್ಕೆ ಏನಾಗುತ್ತೆ" ಅಂತ ನಮಗೆ ಅನ್ನಿಸಬಹುದು. ಆದ್ರೆ ನಾಡಿಯ ಲೆಕ್ಕ ಬೇರೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸ್ತಾರೆ. ಆ ಅರ್ಧ ನಿಮಿಷದಲ್ಲಿ ಮುಳ್ಳು ಮೂರು ಸೆಕೆಂಡ್ ನಿಂತಿತು ಅನ್ಕೊಳ್ರಿ, ನಿಮಿಷಕ್ಕೆ 72 ಇರೋ ನಾಡಿ ಕಾಗದದ ಮೇಲೆ 79 ಆಗುತ್ತೆ. ಮೇಲ್ವಿಚಾರಣೆ ಮಾಡೋ ಸಿಸ್ಟರ್ ಇನ್ನೊಮ್ಮೆ ಎಣಿಸಿ, "ಸರಿಯಾಗಿ ಎಣಿಸೋದು ಕಲಿ" ಅಂತ ಎಲ್ಲರ ಮುಂದೆ ಬೈದ್ರಂತೆ. ವಾಚ್ ಕೆಟ್ಟಿದೆ ಅಂತ ಗೊತ್ತಾಗೋ ತನಕ, ತನಗೇ ಎಣಿಸೋಕೆ ಬರಲ್ಲ ಅಂತ ಅವಳು ಅನ್ಕೊಂಡಿದ್ಲು.

ನಾಲ್ಕನೇ ದಿನ ಅಂಗಡಿಗೆ ಹೋದ್ವಿ. ಮೊದಲ ಉತ್ತರ: "ಬ್ಯಾಟರಿ ವೀಕ್ ಆಗಿರ್ತದ ತಂಗಿ, ಹೊಸದು ಹಾಕಿ ಕೊಡ್ತೀನಿ." ಹಾಕಿದ್ರು. ಹೊಸ ವಾಚ್‌ಗೆ ನೂರು ರೂಪಾಯಿ ತಗೊಂಡ್ರು. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಎರಡನೇ ಸಲ: "ಕಂಪನಿಗೆ ಕಳಸ್ಬೇಕ್ರಿ, ಇಪ್ಪತ್ತೈದು ದಿನ ಆಗ್ತದ." ಅಲ್ಲಿವರೆಗೆ ಇವಳು ಏನು ಕಟ್ಕೊಂಡು ಡ್ಯೂಟಿಗೆ ಹೋಗಬೇಕು? ಬೇರೆ ವಾಚ್ ಕೊಡ್ರಿ ಅಣ್ಣಾರ ಅಂದಾಗ ಬೆರಳು ಬಿಲ್‌ನ ಕೆಳಗಿನ ಸಾಲಿಗೆ ಹೋಯ್ತು. "ಓದ್ರಿ. ಒಮ್ಮೆ ಮಾರಿದ ಮಾಲು ವಾಪಸ್ ತಗಳಂಗಿಲ್ಲ."

ಇಲ್ಲಿ ಸ್ವಲ್ಪ ನಿಲ್ಲೋಣ. ಏನಾಗ್ತಿದೆ ಅಂತ ನೋಡ್ರಿ. ಅಂಗಡಿಯವರು ಎರಡು ಬೇರೆ ಬೇರೆ ವಿಷಯಗಳನ್ನ ಒಂದೇ ಚೀಲಕ್ಕೆ ಹಾಕ್ತಿದ್ದಾರೆ.

ಒಂದು, ಮನಸ್ಸು ಬದಲಾಗಿದ್ದು. ಕಪ್ಪು ಬೆಲ್ಟ್ ತಗೊಂಡೆ, ಮನೆಗೆ ಬಂದ ಮೇಲೆ ಕಂದು ಚೆನ್ನಾಗಿತ್ತು ಅನ್ನಿಸ್ತು. ಅಕ್ಕನಿಗೆ ತಗೊಂಡೆ, ಅವಳ ಹತ್ರ ಆಗಲೇ ಒಂದಿದೆ. ಇಲ್ಲಿ ಸಾಮಾನಿನಲ್ಲಿ ತಪ್ಪಿಲ್ಲ. ಇದನ್ನ ಬದಲಾಯಿಸಿ ಕೊಡೋದು ಅಂಗಡಿಯ ಪಾಲಿಸಿ. ದೊಡ್ಡ ಮಾಲ್‌ಗಳು ಹದಿನೈದು ದಿನ ಕೊಡಬಹುದು, ಸಣ್ಣ ಅಂಗಡಿ ಒಂದು ದಿನವೂ ಕೊಡದೇ ಇರಬಹುದು. ಕೊಟ್ರೆ ಒಳ್ಳೆಯದು, ಕೊಡಲ್ಲ ಅಂದ್ರೆ ಜಗಳ ಮಾಡೋಕೆ ನಮಗೆ ಜಾಗ ಕಮ್ಮಿ.

ಎರಡು, ಸಾಮಾನೇ ದೋಷದ್ದು. ವಾಚ್ ಅಂತ ಮಾರಿದ್ದಾರೆ, ಅದು ಟೈಮ್ ತೋರಿಸ್ತಿಲ್ಲ. ಇಲ್ಲಿ ಪಾಲಿಸಿ ಲೆಕ್ಕಕ್ಕೆ ಬರಲ್ಲ, ಕಾನೂನು ಬರುತ್ತೆ.

ಬಿಕಾಂನಲ್ಲಿ ಬಿಸಿನೆಸ್ ಲಾ ಓದಿದವರಿಗೆ 1930ರ ಸರಕು ಮಾರಾಟ ಕಾಯ್ದೆ ನೆನಪಿರಬಹುದು. ಅದರಲ್ಲಿ ‘ಕೊಳ್ಳುವವನೇ ಎಚ್ಚರವಾಗಿರಬೇಕು’ ಅನ್ನೋ ಹಳೇ ತತ್ವ ಇದೆ. ಜೊತೆಗೆ, ಅಂಥದ್ದೇ ಸರಕಿನ ವ್ಯಾಪಾರ ಮಾಡೋವನು ಮಾರಿದ ಮಾಲು ಮಾರಾಟಕ್ಕೆ ಯೋಗ್ಯವಾಗಿರಬೇಕು ಅಂತನೂ 16ನೇ ಕಲಂ ಹೇಳುತ್ತೆ. ಆದ್ರೆ 62ನೇ ಕಲಂನಲ್ಲಿ ಒಂದು ಕಿಂಡಿ ಇದೆ: ಎರಡೂ ಕಡೆಯವರು ಒಪ್ಪಂದ ಮಾಡ್ಕೊಂಡು ಇಂಥ ಷರತ್ತನ್ನ ತೆಗೆದು ಹಾಕಬಹುದು. ಬಿಲ್‌ನ ಕೆಳಗಿನ ಸಣ್ಣ ಅಕ್ಷರ ಆ ಕಿಂಡಿಯಲ್ಲೇ ನುಗ್ಗೋಕೆ ನೋಡೋದು.

ಗ್ರಾಹಕರಿಗೆ ಅಂತಲೇ ಬೇರೆ ಕಾನೂನು ಬಂದಿದ್ದು 1986ರಲ್ಲಿ. ಆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನ ಡಿಸೆಂಬರ್ 24. ಅದಕ್ಕೇ ಪ್ರತಿವರ್ಷ ಆ ದಿನ ರಾಷ್ಟ್ರೀಯ ಗ್ರಾಹಕ ದಿನ. 1999ರಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು, ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಬಿಲ್ ಮೇಲೆ ಹಾಕೋದು ಸರಿಯಲ್ಲ ಅಂತ ತಿಳಿಸಿತ್ತು. ಆಮೇಲೆ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು, 2020ರ ಜುಲೈ 20ರಿಂದ ಜಾರಿ ಆಯ್ತು. ಅದರ 2(47) ಕಲಂನಲ್ಲಿ ನೇರವಾಗೇ ಬರೆದಿದ್ದಾರೆ: ದೋಷ ಇರೋ ಸರಕನ್ನ ವಾಪಸ್ ತಗೊಂಡು ಹಣ ಮರಳಿಸೋಕೆ ನಿರಾಕರಿಸೋದು ಅನುಚಿತ ವ್ಯಾಪಾರ ಪದ್ಧತಿ. ಎಷ್ಟು ದಿನದೊಳಗೆ? ಬಿಲ್‌ನಲ್ಲಿ ಇಂತಿಷ್ಟು ದಿನ ಅಂತ ಬರೆದಿದ್ರೆ ಅಷ್ಟು ದಿನ. ದಿನದ ಲೆಕ್ಕ ಬರೆದೇ ಇಲ್ಲ ಅಂದ್ರೆ 30 ದಿನ.

ಈ ಮೂವತ್ತನ್ನ ನೆನಪಿಟ್ಕೊಳ್ರಿ. ‘ವಾಪಸ್ ಇಲ್ಲ’ ಅನ್ನೋ ಸಾಲಿನಲ್ಲಿ ದಿನದ ಲೆಕ್ಕ ಎಲ್ಲಿದೆ? ಇಲ್ಲ. ನಮ್ಮ ಬಿಲ್‌ನಲ್ಲೂ ಇರಲಿಲ್ಲ. ನಾವು ಎರಡನೇ ಸಲ ಹೋದಾಗ ಆಗಿದ್ದು ಆರೇಳು ದಿನ ಅಷ್ಟೇ. ಇನ್ನೊಂದು ಗಮನಿಸಿದ್ರಾ? ಕಂಪನಿಗೆ ಕಳಿಸಿದ್ರೆ 25 ದಿನ ಅಂದ್ರು. ಒಪ್ಕೊಂಡಿದ್ರೆ ವಾಚ್ ವಾಪಸ್ ಬರೋ ಹೊತ್ತಿಗೆ ಮೂವತ್ತು ದಿನ ದಾಟಿರುತ್ತೆ. ಅಂಗಡಿಯವರು ಬೇಕಂತಲೇ ಹಂಗೆ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ನೀವು ರಿಪೇರಿಗೆ ಕೊಡೋದೇ ಆದ್ರೆ, ಕೊಟ್ಟ ದಿನಾಂಕ, ಏನು ದೋಷ ಅಂತ ಬರೆಸಿ ಸೀಲ್ ಹಾಕಿಸಿದ ರಸೀದಿ ಇಲ್ಲದೆ ಸಾಮಾನು ಕೈಬಿಡಬೇಡ್ರಿ.

ಈಗ ಇನ್ನೊಂದು ಪ್ರಶ್ನೆ. ದೋಷ ಇದೆ ಅಂತ ತೋರಿಸೋದು ಹೆಂಗೆ? ನಾವು ಹೇಳಿದ್ರೆ ಅವರು ನಂಬಲ್ಲ, "ಬೀಳಿಸಿರಬೇಕು ನೀವು" ಅಂತಾರೆ.

ವಾಚ್‌ಗೆ ಇದು ಬಹಳ ಸುಲಭ. ಬ್ಯಾಟರಿ ಹಾಕೋ ಮಾಮೂಲಿ ಕ್ವಾರ್ಟ್ಜ್ ವಾಚ್ ಒಳಗೆ ಸಣ್ಣ ಸ್ಫಟಿಕದ ಚೂರೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಆ ಲೆಕ್ಕದ ಮೇಲೆ ಮುಳ್ಳು ಓಡುತ್ತೆ. ಅದಕ್ಕೇ ಸಾಧಾರಣ ವಾಚ್ ಕೂಡ ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡ್ ಆಚೆ ಈಚೆ ಆಗಬಹುದು ಅಷ್ಟೇ. ದಿನಕ್ಕೆ ಆರು ನಿಮಿಷ ಹಿಂದೆ ಬೀಳೋದು ದೋಷವೇ. ಕೆಲವು ವಾಚ್‌ಗಳಲ್ಲಿ ಬ್ಯಾಟರಿ ಮುಗೀತಾ ಬಂದಾಗ ಮುಳ್ಳು ನಾಲ್ಕು ನಾಲ್ಕು ಸೆಕೆಂಡ್ ಜಿಗಿಯೋ ಹಂಗೆ ಮಾಡಿರ್ತಾರೆ. ಅದು ದೋಷ ಅಲ್ಲ, ಸೂಚನೆ. ಆದ್ರಿಂದ ಮೊದಲು ಬ್ಯಾಟರಿ ನೋಡೋದು ಸರಿಯೇ. ಹೊಸ ಬ್ಯಾಟರಿ ಹಾಕಿದ ಮೇಲೂ ನಿಂತ್ರೆ ಒಳಗಿನ ಯಂತ್ರದ್ದೇ ಸಮಸ್ಯೆ.

ತಂಗಿ ಮಾಡಿದ್ದು ಇಷ್ಟು. ಮೊಬೈಲ್‌ನಲ್ಲಿ ಟೈಮ್ ನೆಟ್‌ವರ್ಕ್‌ನಿಂದ ತಾನೇ ಸರಿಯಾಗುತ್ತಲ್ಲ, ಆ ಮೊಬೈಲ್ ಪಕ್ಕ ವಾಚ್ ಇಟ್ಟು ಗೆಳತಿಯ ಫೋನ್‌ನಲ್ಲಿ ಫೋಟೋ ತೆಗೆದ್ಲು. ಬೆಳಿಗ್ಗೆ ಒಂದು, ರಾತ್ರಿ ಒಂದು, ಮೂರು ದಿನ. ಮುಳ್ಳು ನಿಲ್ಲೋದರ ಅರ್ಧ ನಿಮಿಷದ ವಿಡಿಯೋ ಒಂದು. ಆರು ಫೋಟೋ, ಒಂದು ವಿಡಿಯೋ. ವಾದ ಮಾಡೋಕೆ ಬೇರೇನೂ ಬೇಕಾಗಲಿಲ್ಲ.

ಸ್ಮಾರ್ಟ್ ವಾಚ್ ಇರೋರಿಗೂ ಇದೇ ದಾರಿ. ಚಾರ್ಜ್ ನೂರು ತೋರಿಸಿದಾಗಿನ ಸ್ಕ್ರೀನ್, ನಾಲ್ಕು ತಾಸಿಗೆ ಆಫ್ ಆದಾಗಿನ ಸ್ಕ್ರೀನ್, ಎರಡೂ ಟೈಮ್ ಸಮೇತ. ಡಬ್ಬಿ ತೆರೆಯುವಾಗಲೇ ವಿಡಿಯೋ ಮಾಡ್ಕೊಂಡ್ರೆ ಇನ್ನೂ ಒಳ್ಳೆಯದು. ಡಬ್ಬಿ ಅಥವಾ ವಾಚ್ ಮೇಲೆ ಬಿಐಎಸ್ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಸ್ಮಾರ್ಟ್ ವಾಚ್‌ಗೆ ಆ ನೋಂದಣಿ ಕಡ್ಡಾಯ. ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಸಂಖ್ಯೆಯೇ ಇಲ್ಲ ಅಂದ್ರೆ ಆ ವಾಚ್ ತಗೋಬೇಡ್ರಿ, ಎಷ್ಟೇ ಅಗ್ಗ ಇರಲಿ.

ಯಾವುದು ದೋಷ ಅಲ್ಲ ಅಂತನೂ ಹೇಳಿಬಿಡ್ತೀನಿ. ವಾಚ್ ಹಿಂದೆ ‘30 ಮೀಟರ್’ ಅಥವಾ ‘3 ಎಟಿಎಂ’ ಅಂತ ಇದ್ರೆ ಅದನ್ನ ಕಟ್ಕೊಂಡು ಬಾವಿಗೆ ಧುಮುಕಬಹುದು ಅಂತ ಅರ್ಥ ಅಲ್ಲ. ಕೈ ತೊಳೆಯುವಾಗ, ಮಳೆಯಲ್ಲಿ ನಾಲ್ಕು ಹನಿ ಬಿದ್ರೆ ತಡೆಯುತ್ತೆ ಅಷ್ಟೇ. ಕೃಷ್ಣೆಯಲ್ಲಿ ಈಜಿ ಬಂದು "ಒಳಗೆ ನೀರು ಹೋಗ್ಯದ, ಬದಲಿ ಕೊಡ್ರಿ" ಅಂದ್ರೆ ಯಾವ ಕಾನೂನೂ ಕೈ ಹಿಡಿಯಲ್ಲ.

ಸರಿ, ಫೋಟೋ ಸಿಕ್ತು. ಮುಂದಿನದು ಕಾಗದ. ನಮ್ಮವರು ಅಂಗಡಿ ಮುಂದೆ ನಿಂತು ಒಂದು ತಾಸು ಜೋರು ಮಾಡ್ತಾರೆ, ಒಂದು ಸಾಲು ಬರೆದು ಕೊಡಲ್ಲ. ಬಾಯಿಮಾತು ಗಾಳಿಗೆ ಹೋಗುತ್ತೆ. ನಾವು ಒಂದು ಬಿಳಿ ಹಾಳೆಯಲ್ಲಿ ಬರೆದಿದ್ದು ಇಷ್ಟೇ: ಇಂಥ ದಿನಾಂಕ, ಇಂಥ ಬಿಲ್ ನಂಬರ್, ಇಂಥ ಮಾಡೆಲ್ ವಾಚ್ ತಗೊಂಡಿದ್ದೇವೆ. ಮೂರನೇ ದಿನದಿಂದ ಸೆಕೆಂಡ್ ಮುಳ್ಳು ನಿಲ್ಲುತ್ತಿದೆ. ಇಂಥ ದಿನ ನೀವೇ ಬ್ಯಾಟರಿ ಬದಲಿಸಿದ್ದೀರಿ, ಆದರೂ ಸರಿಯಾಗಿಲ್ಲ. ಖರೀದಿಸಿ 30 ದಿನ ಆಗಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬದಲಿ ವಾಚ್ ಕೊಡಿ, ಇಲ್ಲವೇ ಹಣ ಮರಳಿಸಿ. ಏಳು ದಿನದೊಳಗೆ ಉತ್ತರ ಕೊಡಿ. ಎರಡು ಪ್ರತಿ. ಒಂದು ಅವರಿಗೆ, ಇನ್ನೊಂದರ ಮೇಲೆ ‘ತಲುಪಿದೆ’ ಅಂತ ಸಹಿ. ಸಹಿ ಮಾಡಲ್ಲ ಅಂದ್ರೆ ಅದೇ ಹಾಳೆಯ ಫೋಟೋ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಹಾಕ್ರಿ, ಅಥವಾ ಸ್ಪೀಡ್ ಪೋಸ್ಟ್ ಮಾಡ್ರಿ. ಡಬ್ಬಿ ಮೇಲೆ ಗ್ರಾಹಕರ ದೂರಿಗೆ ಅಂತ ಕಂಪನಿಯ ಫೋನ್, ಇಮೇಲ್ ಮುದ್ರಿಸಲೇಬೇಕು ಅಂತ ನಿಯಮ ಇದೆ, ಆ ಇಮೇಲ್‌ಗೂ ಒಂದು ಪ್ರತಿ.

ಆಮೇಲೆ ಏನಾಯ್ತು? ಅಂಗಡಿಯವರು ಹಾಳೆ ಓದಿದ್ರು. ಫೋಟೋ ಒಂದೊಂದಾಗಿ ನೋಡಿದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ ಮಾತು ನಾನು ನಿರೀಕ್ಷೆ ಮಾಡಿರಲಿಲ್ಲ. "ಇದು ಇರಲಿ ತಮ್ಮಾ ನನ್ನ ಹತ್ರ. ಡಿಸ್ಟ್ರಿಬ್ಯೂಟರ್ ಗಿರಾಕಿ ಬಾಯಿಮಾತಿಗೆ ಮಾಲು ವಾಪಸ್ ತಗಳಂಗಿಲ್ಲ. ಕಾಗದ ಇದ್ರ ನಾನೂ ಅವಂಗ ತೋರಸ್ತೀನಿ."

ಅಲ್ಲಿ ನನ್ನೊಳಗಿನ ಕಾಮರ್ಸ್ ವಿದ್ಯಾರ್ಥಿ ಎದ್ದು ಕೂತ. ನಾವು ಸಣ್ಣ ಅಂಗಡಿಯವರನ್ನ ಕಳ್ಳರ ಥರ ನೋಡ್ತೀವಿ. ಅವರ ಲೆಕ್ಕಾನೂ ಕೇಳಬೇಕು. ಅವರು ಮಾಲಿಗೆ ಮೊದಲೇ ದುಡ್ಡು ಹಾಕಿರ್ತಾರೆ. ಕೆಟ್ಟ ಪೀಸ್ ಒಂದು ವಾಪಸ್ ತಗೊಂಡು, ಮೇಲಿನವರು ಅದನ್ನ ತಗೊಳ್ಳದೇ ಹೋದ್ರೆ, ಒಂದು ವಾಚ್‌ನ ನಷ್ಟ ತುಂಬೋಕೆ ಇನ್ನೊಂದಷ್ಟು ವಾಚ್ ಮಾರಬೇಕು. ಆ ಭಯದಲ್ಲೇ ಬಿಲ್ ಕೆಳಗೆ ಆ ಸಾಲು ಹಾಕ್ಸೋದು. ಆದ್ರೆ ನಷ್ಟ ಯಾರ ತಲೆ ಮೇಲೆ ಬೀಳಬೇಕು? ವಾಚ್ ತಯಾರಿಸಿದ್ದು ಕಂಪನಿ. ಹತ್ತಿ ಮಾರಿದ ದುಡ್ಡಿನಲ್ಲಿ ಕೊಂಡ ಅಪ್ಪನೂ ತಯಾರಿಸಿಲ್ಲ, ಅಂಗಡಿಯವರೂ ತಯಾರಿಸಿಲ್ಲ. ದೂರನ್ನ ಮಾರಾಟಗಾರ, ತಯಾರಕ ಇಬ್ಬರ ಮೇಲೂ ಹಾಕಬಹುದು ಅಂತ ಕಾನೂನಿನಲ್ಲಿ ಇರೋದು ಅದಕ್ಕೇ. ಗಿರಾಕಿ ಸುಮ್ಮನಾದ್ರೆ ನಷ್ಟ ಗಿರಾಕಿದು. ಗಿರಾಕಿ ಬರೆದು ಕೊಟ್ರೆ ಆ ಕಾಗದ ಅಂಗಡಿಯಿಂದ ಡಿಸ್ಟ್ರಿಬ್ಯೂಟರ್‌ಗೆ, ಅಲ್ಲಿಂದ ಕಂಪನಿಗೆ ಹತ್ತುತ್ತೆ.

ಐದನೇ ದಿನಕ್ಕೆ ಫೋನ್ ಬಂತು. ಅದೇ ಮಾಡೆಲ್‌ನ ಬೇರೆ ವಾಚ್ ಕೊಟ್ರು, ಬ್ಯಾಟರಿಯ ನೂರು ರೂಪಾಯಿನೂ ಮರಳಿಸಿದ್ರು. ಅಷ್ಟು ದಿನ ತಂಗಿ ಗೆಳತಿಯ ವಾಚ್ ಬೇಡ್ಕೊಂಡು ಡ್ಯೂಟಿ ಮಾಡಿದ್ಲು. ಮೂರು ಸಲ ಅಂಗಡಿಗೆ ಅಲೆದಾಟ, ಒಂದು ದಿನ ಕ್ಲಾಸ್ ಹೋಯ್ತು. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ ಫ್ರೀ ಇರಬಹುದು, ದಿನ ಫ್ರೀ ಅಲ್ಲ. ದೇವದುರ್ಗ, ಮಾನ್ವಿ ಕಡೆಯಿಂದ ರಾಯಚೂರಿಗೆ ಬಂದು ಸಾಮಾನು ತಗೊಂಡು ಹೋಗೋರು ಇದನ್ನ ಚೆನ್ನಾಗಿ ಬಲ್ಲರು. ಒಂದು ದಿನದ ಕೂಲಿ ಬಿಟ್ಟು ಮತ್ತೆ ಬರಬೇಕಲ್ಲ ಅಂತಲೇ ಎಷ್ಟೋ ಜನ ಕೆಟ್ಟ ಸಾಮಾನನ್ನ ಮನೆಯಲ್ಲೇ ಮೂಲೆಗೆ ಹಾಕ್ತಾರೆ.

ಅಂಗಡಿಯವರು ಕಾಗದಕ್ಕೂ ಬಗ್ಗಲಿಲ್ಲ ಅಂದ್ರೆ? ಬಸ್ ಹತ್ತದೇ ಮಾಡೋ ಕೆಲಸ ಎರಡಿವೆ.

ಮೊದಲನೇದು 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ವಾಟ್ಸ್‌ಆ್ಯಪ್‌ಗೆ 8800001915. ಅವರು ನಿಮ್ಮ ದೂರನ್ನ ಕಂಪನಿಗೆ ಮುಟ್ಟಿಸಿ ಉತ್ತರ ಕೇಳ್ತಾರೆ. ಆದೇಶ ಮಾಡೋ ಅಧಿಕಾರ ಅವರಿಗಿಲ್ಲ, ಅದು ಗೊತ್ತಿರಲಿ. ಆದ್ರೂ ದೊಡ್ಡ ಕಂಪನಿಗಳ ವಿಷಯದಲ್ಲಿ ಇದು ಪ್ರಯತ್ನ ಮಾಡೋ ಅಂಥದ್ದೇ. ದೂರಿನ ನಂಬರ್ ಬರೆದಿಟ್ಕೊಳ್ರಿ.

ಎರಡನೇದು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ನಮ್ಮ ರಾಯಚೂರಿನಲ್ಲೂ ಇದೆ. 50 ಲಕ್ಷ ರೂಪಾಯಿ ತನಕದ ವಸ್ತು, ಸೇವೆಯ ದೂರು ಇಲ್ಲಿಗೇ ಬರೋದು. ಕೊಟ್ಟ ಹಣ 5 ಲಕ್ಷದೊಳಗೆ ಇದ್ರೆ ಶುಲ್ಕ ಒಂದು ರೂಪಾಯಿಯೂ ಇಲ್ಲ. ವಕೀಲರನ್ನ ಇಟ್ಕೊಳ್ಳಲೇಬೇಕು ಅಂತಿಲ್ಲ, ನೀವೇ ವಾದ ಮಾಡಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ದೂರು ಹಾಕಬಹುದು, ವಿಚಾರಣೆಗೆ ವಿಡಿಯೋ ಮೂಲಕ ಹಾಜರಾಗೋಕೆ ಅವಕಾಶ ಕೇಳಬಹುದು. ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದ್ರೆ ಐದು ತಿಂಗಳಲ್ಲಿ ಮುಗಿಸೋಕೆ ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಅದಕ್ಕಿಂತ ತಡ ಆಗೋದೂ ಇದೆ, ಸುಳ್ಳು ಯಾಕೆ ಹೇಳ್ಲಿ. ಆಯೋಗ ದೋಷ ಸರಿಪಡಿಸಿ ಅನ್ನಬಹುದು, ಬದಲಿ ಕೊಡಿ ಅನ್ನಬಹುದು, ಹಣ ಮರಳಿಸಿ ಅನ್ನಬಹುದು, ಪರಿಹಾರನೂ ಕೊಡಿಸಬಹುದು.

"ಎರಡು ಸಾವಿರದ ವಾಚ್‌ಗೆ ಆಯೋಗಕ್ಕೆ ಯಾರ್ ಹೋಗ್ತಾರಪ್ಪಾ" ಅಂತೀರಾ? ಬೆಂಗಳೂರಿನಲ್ಲಿ ಒಬ್ಬ ಗ್ರಾಹಕರು 20 ರೂಪಾಯಿಗೆ ಹೋಗಿದ್ದಾರೆ. ಐಕಿಯಾ ಮಳಿಗೆಯಲ್ಲಿ ಕೈಚೀಲಕ್ಕೆ 20 ರೂಪಾಯಿ ಹಾಕಿದ್ದು ತಪ್ಪು ಅಂತ 2023ರಲ್ಲಿ ಅಲ್ಲಿನ ಆಯೋಗ ಹೇಳಿ, ಆ ಇಪ್ಪತ್ತನ್ನ ಬಡ್ಡಿ ಸಮೇತ ಮರಳಿಸಿ, ಮೇಲೆ ಪರಿಹಾರ ಮತ್ತು ಖರ್ಚು ಅಂತ 3,000 ರೂಪಾಯಿ ಕೊಡಿ ಅಂತು. ಅದೇ ವರ್ಷದ ಆರಂಭದಲ್ಲಿ, 12,499 ರೂಪಾಯಿ ತಗೊಂಡು ಮೊಬೈಲ್ ತಲುಪಿಸದ ಪ್ರಕರಣದಲ್ಲಿ ಫ್ಲಿಪ್‌ಕಾರ್ಟ್‌ಗೆ ಹಣ, ಬಡ್ಡಿ, ಅದರ ಮೇಲೆ ದಂಡ, ಖರ್ಚು ಸೇರಿಸಿ ಕಟ್ಟೋಕೆ ಬೆಂಗಳೂರಿನ ಆಯೋಗ ಆದೇಶ ಮಾಡಿತ್ತು.

ಆನ್‌ಲೈನ್ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡ್ತೀನಿ. "ರಿಟರ್ನ್ ವಿಂಡೋ ಮುಗಿದಿದೆ" ಅಂತ ಆ್ಯಪ್ ಹೇಳಿದ ತಕ್ಷಣ ಕೈ ಚೆಲ್ಲಬೇಡ್ರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷದ ಮಾಲು, ನಕಲಿ ಮಾಲು, ಜಾಹೀರಾತಿನಲ್ಲಿ ತೋರಿಸಿದ ಹಂಗೆ ಇಲ್ಲದ ಮಾಲನ್ನ ವಾಪಸ್ ತಗೊಳ್ಳಲ್ಲ ಅಂತ ಮಾರಾಟಗಾರ ಹೇಳೋ ಹಂಗಿಲ್ಲ. ಪ್ರತಿ ಆ್ಯಪ್‌ಗೂ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದೆ ಅಂತ 48 ತಾಸಿನಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಚಾಟ್‌ನಲ್ಲಿ ಉತ್ತರ ಕೊಡೋ ಯಂತ್ರದ ಜೊತೆ ಜಗಳ ಆಡೋ ಬದಲು ಆ ಅಧಿಕಾರಿಯ ಇಮೇಲ್ ಹುಡುಕಿ ಬರೀರಿ. ಕಂಪನಿ ದಿಲ್ಲಿಯಲ್ಲಿ ಇರಲಿ, ಮುಂಬೈನಲ್ಲಿ ಇರಲಿ, ಕೇಸನ್ನ ನೀವಿರೋ ಜಿಲ್ಲೆಯ ಆಯೋಗದಲ್ಲೇ ಹಾಕಬಹುದು. ಇದು 2019ರ ಕಾಯ್ದೆಯಲ್ಲಿ ನಮ್ಮಂಥ ಊರುಗಳಿಗೆ ಸಿಕ್ಕ ದೊಡ್ಡ ಅನುಕೂಲ.

ಇಷ್ಟಕ್ಕೆಲ್ಲ ಬೇರು ಒಂದೇ, ಬಿಲ್. "ಬಿಲ್ ಬೇಕಂದ್ರ ಜಿಎಸ್‌ಟಿ ಬೇರೆ ಆಗ್ತದ" ಅಂತಾರಲ್ಲ, ಆ ಮಾತಿಗೆ ಬೀಳಬೇಡ್ರಿ. ಡಬ್ಬಿ ಮೇಲಿನ ಎಂಆರ್‌ಪಿಯಲ್ಲಿ ಎಲ್ಲಾ ತೆರಿಗೆ ಸೇರಿರುತ್ತೆ. ಅದರ ಮೇಲೆ ಒಂದು ರೂಪಾಯಿ ಕೇಳೋ ಹಂಗಿಲ್ಲ. ಬಿಲ್ ಕೊಡದೇ ಇರೋದೇ ಅದೇ 2(47) ಕಲಂನಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೈಗೆ ಬಂದ ತಕ್ಷಣ ಫೋಟೋ ತೆಗೀರಿ, ಯಾಕಂದ್ರೆ ಈಗಿನ ಬಿಲ್‌ಗಳ ಶಾಯಿ ನಮ್ಮ ರಾಯಚೂರು ಬಿಸಿಲಿಗೆ ಎರಡು ತಿಂಗಳಲ್ಲಿ ಮಾಯ ಆಗುತ್ತೆ. ವಾರಂಟಿ ಕಾರ್ಡ್‌ಗೆ ಸೀಲ್, ದಿನಾಂಕ ಅಲ್ಲೇ ನಿಂತು ಹಾಕಿಸ್ರಿ. ಯುಪಿಐ ಮಾಡಿದ್ರೆ ಅದರ ಸ್ಕ್ರೀನ್‌ಶಾಟ್ ಇಟ್ಕೊಳ್ರಿ. ದುಡ್ಡು ಕೊಡೋಕೆ ಮುಂಚೆ ಒಂದು ಪ್ರಶ್ನೆ ಕೇಳ್ರಿ: "ಅಣ್ಣಾರ, ಇದು ಕೆಟ್ಟ ಬಂದ್ರ ನೀವು ನೋಡ್ತೀರೋ, ಕಂಪನಿಗೆ ಹೋಗು ಅಂತೀರೋ?" ಉತ್ತರ ಕೇಳಿದ್ರೆ ಎಲ್ಲಿ ತಗೋಬೇಕು ಅಂತ ನಿಮಗೇ ತಿಳಿಯುತ್ತೆ.

ಈ ಸಂಚಿಕೆಯನ್ನ ಅಂಗಡಿ ಇಟ್ಟಿರೋ ನಿಮ್ಮ ಕಾಕಾ, ಮಾಮಾ ಯಾರಿಗಾದ್ರೂ ಕಳಿಸ್ರಿ. ಬಿಲ್ ಪುಸ್ತಕ ಮತ್ತೆ ಅಚ್ಚು ಹಾಕಿಸೋವಾಗ ಆ ಕೆಳಗಿನ ಸಾಲು ತೆಗೆದು, ‘ದೋಷವಿದ್ದರೆ ಇಷ್ಟು ದಿನದೊಳಗೆ ತನ್ನಿ’ ಅಂತ ಹಾಕಿಸಿದ್ರೆ ಗಿರಾಕಿ ಇನ್ನೊಂದು ಸಲ ಅದೇ ಅಂಗಡಿ ಮೆಟ್ಟಿಲು ಹತ್ತುತ್ತಾನೆ. ಮುಂದಿನ ವಾರ ಇಎಂಐ ಮೇಲೆ ಮೊಬೈಲ್ ತಗೊಳ್ಳುವಾಗ ‘ಬಡ್ಡಿ ಇಲ್ಲ’ ಅನ್ನೋದರ ಒಳಗೆ ಏನೇನಿರುತ್ತೆ ಅಂತ ಲೆಕ್ಕ ಹಾಕೋಣ.